ನೆನೆಹಾಕಿದ ಬಟ್ಟೆ

ಭಾನುವಾರ ಸಂಜೆ ಹಾಸ್ಟೆಲ್ಲಿನಲ್ಲಿ ಬಟ್ಟೆ ನೆನೆಹಾಕಿದೆ. ಒಂದು ಜೀನ್ಸ್, ನಾಲ್ಕು ಟೀ ಶರ್ಟ್, ಒಂದು ಟವೆಲ್. ಅರ್ಧ ಗಂಟೆ ನೆನೆಯಲಿ, ಅಷ್ಟರಲ್ಲಿ ಪ್ರಾಜೆಕ್ಟಿನ ಪ್ರೋಗ್ರಾಮಿನಲ್ಲಿದ್ದ ಒಂದು ಸಣ್ಣ ಬಗ್, ಅಂದರೆ ತಪ್ಪು, ನೋಡಿಬಿಡೋಣ ಅಂತ ಲ್ಯಾಪ್‌ಟಾಪ್ ತೆರೆದೆ.

ಬಗ್ ಸಣ್ಣದೇ, ಸುಳ್ಳಲ್ಲ. ನಮ್ಮದು ಹಾಜರಾತಿ ಲೆಕ್ಕ ಹಾಕುವ ಆ್ಯಪ್. 40 ಕ್ಲಾಸಿನಲ್ಲಿ 34ಕ್ಕೆ ಬಂದವನಿಗೂ ಅದು ಸೊನ್ನೆ ಪರ್ಸೆಂಟ್ ತೋರಿಸುತ್ತಿತ್ತು. 34ನ್ನು 40ರಿಂದ ಭಾಗಿಸಿ, ಆಮೇಲೆ 100ರಿಂದ ಗುಣಿಸು ಅಂತ ಬರೆದಿದ್ದೆ. ನಾನು ಬರೆದದ್ದು ಜಾವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಭಾಗಿಸೋಕೆ ಅದಕ್ಕೆ ಎರಡು ಪೂರ್ಣಾಂಕ ಕೊಟ್ಟರೆ ಉತ್ತರವೂ ಪೂರ್ಣಾಂಕವೇ. ಬಿಂದುವಿನ ಆಚೆಗಿನದ್ದನ್ನೆಲ್ಲ ಮುಲಾಜಿಲ್ಲದೆ ಬಿಸಾಕುತ್ತದೆ. 0.85 ಹೋಗಿ 0 ಆಯಿತು. ಮೊದಲು ಗುಣಿಸಿ ಆಮೇಲೆ ಭಾಗಿಸಿದರೆ 85. ಇಷ್ಟು ಹೊಳೆಯುವಷ್ಟರಲ್ಲಿ ರಾತ್ರಿ ಎರಡು ಗಂಟೆ. ಬಟ್ಟೆ ನಾಳೆ ಒಗೆದರಾಯಿತು, ಅಲ್ವಾ?

ಸೋಮವಾರ ಲ್ಯಾಬ್ ರೆಕಾರ್ಡ್. ಪ್ರೋಗ್ರಾಮನ್ನು ಪೆನ್ನಿನಲ್ಲಿ ಬರೆಯಬೇಕು, ಅದರ ಔಟ್‌ಪುಟ್ಟನ್ನೂ ಪೆನ್ನಿನಲ್ಲೇ ಬರೆಯಬೇಕು. ಕಂಪ್ಯೂಟರ್ ಓದಿ ನನ್ನ ಅಕ್ಷರ ದುಂಡಗಾಗಿದೆ ಅಂದರೆ ಊರಲ್ಲಿ ಯಾರೂ ನಂಬುವುದಿಲ್ಲ. ಅವತ್ತೇ ಬ್ಯಾಕಪ್ ಇದ್ದ ಪೆನ್‌ಡ್ರೈವ್ ಬೇರೆ ಕಾಣಲಿಲ್ಲ. ರೂಮ್‌ಮೇಟ್ ಮೇಲೆ ಅನುಮಾನ. ಬಾಯಿಬಿಟ್ಟು ಕೇಳಲಿಲ್ಲ, ಸುಮ್ನೆ ಮುಖ ಗಂಟು ಹಾಕಿಕೊಂಡು ಓಡಾಡಿದೆ.

ಮಂಗಳವಾರ ಆಪರೇಟಿಂಗ್ ಸಿಸ್ಟಮ್ ಕ್ಲಾಸಿನಲ್ಲಿ ಮೇಡಂ ‘ಸ್ಟಾರ್ವೇಶನ್’ ಹೇಳಿಕೊಟ್ಟರು. ಕಂಪ್ಯೂಟರಿಗೆ ಜಾಸ್ತಿ ಮುಖ್ಯವಾದ ಕೆಲಸಗಳು ಬರುತ್ತಲೇ ಇದ್ದರೆ, ಕೆಳಗಿನ ಕೆಲಸಕ್ಕೆ ಸರದಿಯೇ ಸಿಗುವುದಿಲ್ಲ. ಹಸಿದುಕೊಂಡೇ ಕೂತಿರುತ್ತದೆ. ಇದಕ್ಕೊಂದು ಹಳೇ ವದಂತಿಯೂ ಇದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ 1973ರಲ್ಲಿ ಐಬಿಎಂ 7094 ಅನ್ನುವ ಕಂಪ್ಯೂಟರನ್ನು ನಿಲ್ಲಿಸಿದಾಗ, 1967ರಲ್ಲಿ ಕೊಟ್ಟ ಕೆಲಸವೊಂದು ಇನ್ನೂ ಸಾಲಿನಲ್ಲೇ ನಿಂತಿತ್ತಂತೆ. ಕ್ಲಾಸೆಲ್ಲ ನಕ್ಕಿತು. ನನಗೆ ಮಾತ್ರ ಬಕೆಟ್ ನೆನಪಾಯಿತು.

ಇದಕ್ಕೆ ಮದ್ದು ‘ಏಜಿಂಗ್’. ಕಾದಷ್ಟೂ ಆ ಕೆಲಸದ ಆದ್ಯತೆ ಒಂದೊಂದೇ ಮೆಟ್ಟಿಲು ಏರುತ್ತಾ ಹೋಗುವ ಹಾಗೆ ಮಾಡುವುದು.

ಬುಧವಾರ ಅಮ್ಮ ಫೋನ್ ಮಾಡಿದರು.

“ಊಟ ಆಯ್ತಾ? ಬಟ್ಟೆ ಒಗ್ಕೊಂಡ್ಯಾ?”

“ನೆನೆಹಾಕಿದೀನಮ್ಮ.”

“ಭಾನುವಾರಾನೂ ಅದನ್ನೇ ಹೇಳಿದ್ಯಲ್ಲೋ!”

ಎರಡು ಸಲವೂ ನಾನು ಹೇಳಿದ್ದು ನಿಜವೇ.

ಗುರುವಾರ ಇಂಟರ್ನಲ್ಸ್ ಪರೀಕ್ಷೆ. ಅದರ ಬಗ್ಗೆ ಮಾತು ಬೇಡ.

ಶುಕ್ರವಾರದ ಹೊತ್ತಿಗೆ ಏಜಿಂಗ್ ಕೆಲಸ ಶುರು ಮಾಡಿತ್ತು. ಬಾತ್‌ರೂಮಿನಿಂದ ಹೊರಟ ವಾಸನೆ ಮೊದಲು ಬಾಗಿಲಿಗೆ, ಆಮೇಲೆ ಕಾರಿಡಾರಿಗೆ, ಸಂಜೆಗೆ ಪಕ್ಕದ ರೂಮಿಗೆ ಮುಟ್ಟಿತು. “ಲೋ, ಒಳಗೆ ಏನಾದ್ರೂ ಸತ್ತಿದ್ಯಾ ನೋಡ್ರೋ” ಅಂತ ಯಾರೋ ಕೂಗಿದರು. ಶನಿವಾರ ಬೆಳಿಗ್ಗೆ ನನ್ನ ಬಟ್ಟೆ ಇಡೀ ಹಾಸ್ಟೆಲ್ಲಿನ ಮೊದಲ ಆದ್ಯತೆಯಾಯಿತು.

ಮೂಗು ಹಿಡಿದುಕೊಂಡೇ ಜೀನ್ಸ್ ಎತ್ತಿ ಕಲ್ಲಿಗೆ ಒಂದು ಬಾರಿಸಿದೆ. ಟಕ್ ಅಂತ ಸದ್ದು. ಜೇಬಿಗೆ ಕೈ ಹಾಕಿದರೆ ಪೆನ್‌ಡ್ರೈವ್. ಆರು ದಿನದಿಂದ ಸೋಪಿನ ನೀರಿನಲ್ಲಿ ನೆನೆದು ಫಳಫಳ ಹೊಳೆಯುತ್ತಿತ್ತು.

ರೂಮ್‌ಮೇಟ್ ನಗಲಿಲ್ಲ, ಪುಣ್ಯಾತ್ಮ. “ಅಕ್ಕಿಯೊಳಗೆ ಹೂತಿಡು, ಪಸೆ ಎಳ್ಕೊಳುತ್ತೆ” ಅಂದ. ರೂಮಿನಲ್ಲಿ ಅಕ್ಕಿ ಎಲ್ಲಿಂದ ಬರಬೇಕು? ಲೋಟ ಹಿಡಿದುಕೊಂಡು ಮೆಸ್ಸಿಗೆ ಹೋದೆ.

“ಭಟ್ರೇ, ಒಂದು ಹಿಡಿ ಅಕ್ಕಿ ಕೊಡ್ತೀರಾ?”

ಭಟ್ಟರು ಸೌಟು ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಅನ್ನ ಸಾಲ್ತಾ ಇಲ್ವೇನಪ್ಪಾ?”