ಮಾಂಸ ಕೆರೆದು ತೆಗೆದರೆ ಸಸ್ಯಾಹಾರ ಆಗುತ್ತದೆಯೇ?

ಚೀಟಿಯಲ್ಲಿ ಚೀನೀ ಭಾಷೆಯಲ್ಲೇ ಬರೆದಿದ್ದೆ. ಬಾಯಲ್ಲೂ ಹೇಳಿದ್ದೆ. ‘ವೊ ಚಿ ಸು’, ನಾನು ಸಸ್ಯಾಹಾರಿ. ‘ಬು ಯಾವ್ ರೌಝಾವ್’, ಮಾಂಸದ ಗೊಜ್ಜು ಬೇಡ. ಅಂಗಡಿಯ ಆಯಮ್ಮ ‘ಹಾವ್ ಹಾವ್’, ಆಯ್ತು ಆಯ್ತು, ಅಂತ ತಲೆ ಆಡಿಸಿದ್ದೂ ನಿಜ. ಇದಕ್ಕಿಂತ ಜಾಸ್ತಿ ಏನು ಹೇಳಬೇಕಿತ್ತು?

ಕೇಳಿದ್ದು ಬೇಯಿಸಿದ ಗೆಣಸಿನ ಸೊಪ್ಪು, ಅಷ್ಟೇ. ತೈಪೆಯ ಲುರೌಫಾನ್ (ಅನ್ನದ ಮೇಲೆ ಹಂದಿ ಮಾಂಸದ ಗೊಜ್ಜು) ಅಂಗಡಿಯಲ್ಲಿ ನನ್ನಂಥವರು ಧೈರ್ಯವಾಗಿ ಕೇಳಬಹುದಾದ್ದು ಅದೊಂದೇ. ಯಾಂಗ್‌ಚುನ್ ನೂಡಲ್ಸ್ ನೋಡಲು ಸಾದಾ. ಆದರೆ ಸಾರು ಹಂದಿ ಮೂಳೆಯದು, ಪರಿಮಳಕ್ಕೆ ಹಂದಿ ಕೊಬ್ಬು. ಬೆಳಗಿನ ತಿಂಡಿ ಅಂಗಡಿಯ ಉಪ್ಪು ಸೋಯಾ ಹಾಲಿಗೂ ಒಣ ಸೀಗಡಿ ಉದುರಿಸುತ್ತಾರೆ. ಇದೆಲ್ಲ ಗೊತ್ತಿದ್ದೇ ಹೋದೆ. ನನ್ನ ಲ್ಯಾಬಿನವರೆಲ್ಲ ಊಟಕ್ಕೆ ಗೊಂಗ್‌ಗುವಾನ್ ಪೇಟೆ ಕಡೆ ಹೊರಟಿದ್ದರು. ದಿನಾ ಒಬ್ಬನೇ ಡಬ್ಬಿ ಬಿಚ್ಚಿಕೊಂಡು ಕೂರುವುದು ಸಾಕಾಗಿತ್ತು.

ತಟ್ಟೆ ಬಂತು. ಸೊಪ್ಪಿನ ಮೇಲೆ ಒಂದು ಸೌಟು ಕಂದು ಗೊಜ್ಜು, ಅದರ ತುಂಬ ಕೊಚ್ಚಿದ ಹಂದಿ ಮಾಂಸ. ಎದ್ದು ಹೋಗಿ ಮೆಲ್ಲಗೆ ಚೀಟಿ ತೋರಿಸಿದೆ. ಆಯಮ್ಮ ಚೀಟಿ ನೋಡಿದಳು, ನನ್ನ ಮುಖ ನೋಡಿದಳು, ಚಮಚ ತೆಗೆದುಕೊಂಡಳು. ಹಾಲಿನ ಕೆನೆ ತೆಗೆದ ಹಾಗೆ ಆ ಮಾಂಸವನ್ನು ಕೆರೆದು ತೆಗೆದಳು. ನನ್ನ ಕಣ್ಣೆದುರಿಗೇ! ಆಮೇಲೆ ಅದೇ ತಟ್ಟೆಯನ್ನು ನನ್ನ ಕಡೆ ತಳ್ಳಿದಳು. ಎಲೆಗಳ ಮೇಲೆ ಎಣ್ಣೆ ಇನ್ನೂ ಹೊಳೆಯುತ್ತಿತ್ತು. ಬೇಡ ಅಂದೆ. ಅವಳು ಒಲೆ ಮುಂದಿದ್ದವನಿಗೆ ಜೋರಾಗಿ ಏನೋ ಹೇಳಿದಳು. ನನಗೆ ತಿಳಿದದ್ದು ‘ವಾಯ್‌ಗ್ವೊರೆನ್’, ವಿದೇಶಿಯವನು, ಅಷ್ಟೇ. ಸಾಲಿನಲ್ಲಿದ್ದವರು ನಕ್ಕರು. ಎರಡೂ ಕೈಯಲ್ಲಿ ತಟ್ಟೆ ಹಿಡಿದು ನಿಂತೇ ಇದ್ದೆ. ನನ್ನ ಭುಜದ ಮೇಲಿಂದ ಒಬ್ಬ ಕೈ ಚಾಚಿ ತನ್ನ ಊಟದ ದುಡ್ಡು ಕೊಟ್ಟ. ಆಗ ಪಕ್ಕಕ್ಕೆ ಸರಿದೆ. ಲ್ಯಾಬಿನವರು ಎಲ್ಲವನ್ನೂ ನೋಡಿದರು. ನೋಡಿ, ಫೋನಿಗೆ ತಲೆ ಬಗ್ಗಿಸಿದರು. ಅವರಿಗೆ ಭಾಷೆ ಬರುತ್ತದೆ. ಒಂದು ಮಾತು ಹೇಳಲು ಆಗಲಿಲ್ಲವೇ?

40 ತೈವಾನ್ ಡಾಲರ್ ಕೊಟ್ಟು, ತಟ್ಟೆ ಮುಟ್ಟದೆ ಎದ್ದು ಬಂದೆ.

ಹೋಗಲಿ ಬಿಡಿ. ಅವರ ಊರು, ಅವರ ಊಟ. ಊಟದ ಹೊತ್ತಿನಲ್ಲಿ ಆಯಮ್ಮನಿಗೂ ನೂರೆಂಟು ಕೆಲಸ. ಮಾಂಸದ ಜೊತೆ ಬೆಂದರೂ ಅದರೊಳಗಿನ ತರಕಾರಿ ಮಾತ್ರ ತಿಂದರೆ ನಡೆಯುತ್ತದೆ ಅನ್ನುವವರು ಇಲ್ಲಿ ಎಷ್ಟೋ ಜನ ಇದ್ದಾರೆ. ಅದು ಅವರ ಪದ್ಧತಿ, ನನ್ನದೇನೂ ತಕರಾರಿಲ್ಲ.

ಆದರೆ ಯಾಕೆ ಬಿಡಬೇಕು? ಸಸ್ಯಾಹಾರ ಗೊತ್ತಿಲ್ಲದ ದೇಶವೇ ಇದು? ಬೌದ್ಧರ ಸಸ್ಯಾಹಾರಿ ಹೋಟೆಲುಗಳು ಗಲ್ಲಿ ಗಲ್ಲಿಯಲ್ಲಿವೆ. ಎಷ್ಟೋ ಕಡೆ ಬೋರ್ಡಿನ ಮೇಲೆ ಸ್ವಸ್ತಿಕ ಇರುತ್ತದೆ. ನಮ್ಮ ಮಠದ ಊಟದ ಹಾಗೆ ಈರುಳ್ಳಿ, ಬೆಳ್ಳುಳ್ಳಿ ಕೂಡ ಹಾಕುವುದಿಲ್ಲ. ಬಿಸ್ಕತ್ತಿನ ಪ್ಯಾಕೆಟ್ಟಿನ ಮೇಲೆ ಸಸ್ಯಾಹಾರವನ್ನು ಐದು ಬಗೆ ಮಾಡಿ ಬರೆಯುತ್ತಾರೆ. ಹಾಲು ಇದ್ದರೆ ಬೇರೆ, ಮೊಟ್ಟೆ ಇದ್ದರೆ ಬೇರೆ, ಎರಡೂ ಇದ್ದರೆ ಬೇರೆ, ಈರುಳ್ಳಿ ಬೆಳ್ಳುಳ್ಳಿ ಇದ್ದರೆ ಅದಕ್ಕೂ ಬೇರೆ ಹೆಸರು. ಇಷ್ಟು ಸೂಕ್ಷ್ಮ ತಿಳಿದ ಊರಿನಲ್ಲಿ ಒಂದು ಸೌಟು ಗೊಜ್ಜು ಹಾಕದೆ ಇರುವುದು ಅಷ್ಟು ಕಷ್ಟವೇ? ಹಾಕಿಬಿಟ್ಟಳು, ಸರಿ. ಬೇರೆ ಸೊಪ್ಪು ಬೇಯಿಸಿ ಕೊಡಲು ಎಷ್ಟು ಹೊತ್ತು ಬೇಕಿತ್ತು? ಕುದಿಯುವ ನೀರು ಪಕ್ಕದಲ್ಲೇ ಇತ್ತು.

ಇನ್ನು ಆ ಅಂಗಡಿಗೆ ಕಾಲಿಡುವುದಿಲ್ಲ. ಸುಮ್ನೆ ಹೇಳುತ್ತಿಲ್ಲ. ಆದರೆ ಹೋಗದಿದ್ದರೆ ಮತ್ತೆ ಒಬ್ಬನೇ ತಿನ್ನಬೇಕು. ಅದೂ ನನಗೇ ಶಿಕ್ಷೆ, ಅಲ್ವಾ?

ತೈಪೆಯಲ್ಲಿರುವ ಕನ್ನಡದವರು, ಇಲ್ಲಿ ಓದಿ ಹೋದವರು, ಯಾರಾದರೂ ಹೇಳಿ. ನಿಮಗೂ ಹೀಗೆ ಆಗಿತ್ತೇ? ಜೊತೆಯಲ್ಲಿದ್ದವರಿಗೆ ಏನು ಹೇಳಿದಿರಿ? ನಾಳೆ ಮಧ್ಯಾಹ್ನ ಅವರೆಲ್ಲ ಮತ್ತೆ ‘ಬರುತ್ತೀಯಾ?’ ಅಂತ ಕೇಳುತ್ತಾರೆ. ಏನೂ ಆಗಿಲ್ಲ ಅನ್ನುವ ಹಾಗೆ ಕೇಳುತ್ತಾರೆ. ಗೊತ್ತಿದ್ದವರು ಇವತ್ತೇ ಉತ್ತರ ಕೊಡಿ.