ನಕ್ಷೆಯ ಫೋಟೋ ಅಂಟಿಸಬೇಡಿ, ನಕ್ಷೆಯನ್ನೇ ಬರೆಯಿರಿ

2025ರ ಮೇ ತಿಂಗಳ ಕೊನೆ. ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಿಡಲು ಸಚಿವ ಸಂಪುಟ ಒಪ್ಪಿದ ಸುದ್ದಿ ಎಲ್ಲ ಕಡೆ ಓಡಾಡುತ್ತಿತ್ತು. ನಮ್ಮ ಆಫೀಸಿನಲ್ಲಿ ಮಳೆ ಮತ್ತು ಬೆಳೆಯ ಲೆಕ್ಕ ತೋರಿಸುವ ಒಂದು ವೆಬ್ ಅಪ್ಲಿಕೇಶನ್ ಇದೆ. ಅದರ ಮೊದಲ ಪುಟದಲ್ಲೇ ಕರ್ನಾಟಕದ ನಕ್ಷೆ. ಹೆಸರು ಬದಲಿಸಬೇಕಾಗಿ ಬಂದಾಗ ನಾನು ಮಾಡಿದ್ದು ಇಷ್ಟೇ. ಮಾಹಿತಿಯನ್ನು ಬರಿ ಅಕ್ಷರದಲ್ಲಿ ಬರೆದಿಡುವ ಒಂದು ಜೆಸಾನ್ ಫೈಲ್ ತೆಗೆದೆ, ಒಂದು ಸಾಲಿನಲ್ಲಿ ಹಳೆಯ ಹೆಸರು ಅಳಿಸಿ ಹೊಸದು ಬರೆದೆ, ಸೇವ್ ಮಾಡಿದೆ. ಕಾಫಿ ಆರುವ ಮೊದಲೇ ನಕ್ಷೆ ಬದಲಾಗಿತ್ತು.

2021ರಲ್ಲಿ ಹೀಗಿರಲಿಲ್ಲ. ಬಳ್ಳಾರಿಯಿಂದ ಬೇರೆಯಾಗಿ ವಿಜಯನಗರ ರಾಜ್ಯದ 31ನೇ ಜಿಲ್ಲೆಯಾದ ವರ್ಷ ಅದು. ಆಗ ನಮ್ಮ ನಕ್ಷೆ ಒಂದು ಪಿಎನ್‌ಜಿ ಫೈಲ್. ಮಾಡಿಕೊಟ್ಟ ಡಿಸೈನರ್ ಕೆಲಸ ಬಿಟ್ಟು ಹೋಗಿದ್ದರು. ಮೂಲ ಕೋರೆಲ್‌ಡ್ರಾ ಫೈಲ್ ಯಾವ ಕಂಪ್ಯೂಟರಿನಲ್ಲಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಒಂದು ಗೆರೆ, ಒಂದು ಹೆಸರು ಸೇರಿಸಲು ವಾರಗಟ್ಟಲೆ ಹಿಡಿಯಿತು. ಅಷ್ಟು ದಿನವೂ ಹೊಸಪೇಟೆಯ ಮಳೆ ಬಳ್ಳಾರಿಯ ಲೆಕ್ಕದಲ್ಲೇ ಕಾಣಿಸುತ್ತಿತ್ತು. ಹೊಸಪೇಟೆ ಕಡೆಯ ಒಬ್ಬ ರೈತರು ಫೋನ್ ಮಾಡಿ, ‘ಏನ್ರೀ, ನಮ್ಮ ಜಿಲ್ಲೆ ಇನ್ನೂ ಹುಟ್ಟಿಲ್ಲೇನು ನಿಮ್ಮ ಕಂಪ್ಯೂಟರಿನಾಗ?’ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವತ್ತಿನಿಂದ ನನಗೆ ಒಂದು ಮಾತು ಗಟ್ಟಿಯಾಗಿದೆ. ವೆಬ್‌ನಲ್ಲಿ ನಕ್ಷೆ, ಚಾರ್ಟ್, ಮನೆಯ ಪ್ಲಾನ್, ಬಸ್ಸಿನ ಸೀಟುಗಳ ಚಿತ್ರ, ಹೀಗೆ ನಾಳೆ ಬದಲಾಗುವ ಯಾವುದನ್ನೂ ಫೋಟೋ ಮಾಡಿ ಅಂಟಿಸಬಾರದು. ಮಾಹಿತಿ ಬಂದ ಹಾಗೆ ಬ್ರೌಸರಿನಲ್ಲೇ ಎಸ್‌ವಿಜಿಯಾಗಿ ಬರೆಯಬೇಕು. ಅದರೊಳಗಿನ ಕನ್ನಡ ಕನ್ನಡ ಅಕ್ಷರವಾಗಿಯೇ ಉಳಿಯಬೇಕು. ಈ ಎರಡನೆಯದನ್ನು ನಮ್ಮಲ್ಲಿ ಜಾಸ್ತಿ ಜನ ಮರೆಯುತ್ತಾರೆ.

ಎಸ್‌ವಿಜಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಪಿಎನ್‌ಜಿ ಅಂದರೆ ಬಣ್ಣದ ಚುಕ್ಕಿಗಳ ರಾಶಿ. ದೊಡ್ಡದು ಮಾಡಿದರೆ ಚುಕ್ಕಿಗಳೇ ದೊಡ್ಡದಾಗಿ ಮಸುಕಾಗುತ್ತವೆ. ಎಸ್‌ವಿಜಿಯಲ್ಲಿ ಇರುವುದು ಚಿತ್ರ ಬರೆಯುವ ಸೂಚನೆ. ಇಲ್ಲಿ ಪೆನ್ನು ಇಡು, ಅಲ್ಲಿವರೆಗೆ ಗೆರೆ ಎಳೆ, ಅಲ್ಲಿಂದ ತಿರುಗು, ಶುರು ಮಾಡಿದಲ್ಲಿಗೆ ಬಂದು ಮುಚ್ಚು. ಎಂ, ಎಲ್, ಜೆಡ್ ಅನ್ನುವ ಮೂರು ಅಕ್ಷರ ಮತ್ತು ಒಂದಿಷ್ಟು ಅಂಕಿಗಳಿದ್ದರೆ ಒಂದು ಜಿಲ್ಲೆಯ ಗಡಿ ಸಿದ್ಧ. ಎಷ್ಟು ದೊಡ್ಡದು ಮಾಡಿದರೂ ಗೆರೆ ಚೂಪಾಗಿಯೇ ಇರುತ್ತೆ. ಇದೇನೂ ಹೊಸದಲ್ಲ. ವೆಬ್‌ನ ನಿಯಮಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ ಇದನ್ನು ಒಪ್ಪಿಕೊಂಡಿದ್ದು 2001ರ ಸೆಪ್ಟೆಂಬರಿನಲ್ಲಿ. 2011ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 9 ಕೂಡ ಕಲಿತ ಮೇಲೆ ದೊಡ್ಡ ಬ್ರೌಸರುಗಳೆಲ್ಲ ಇದನ್ನು ಓದಬಲ್ಲವು. ಮಾಹಿತಿಯಿಂದ ಇಂಥ ಚಿತ್ರ ಬರೆಯುವ ಕೋಡನ್ನು ಸಿದ್ಧವಾಗಿ ಕೊಡುವ ಡಿ3 ಅನ್ನುವ ಪ್ರಸಿದ್ಧ ಲೈಬ್ರರಿ ಬಂದಿದ್ದೂ ಅದೇ ವರ್ಷ.

ಲೈಬ್ರರಿ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಒಂದು ಸಲವಾದರೂ ಬರಿಗೈಯಲ್ಲಿ ಬರೆದು ನೋಡಿ. ನಾನು ಹಾಗೆ ಶುರು ಮಾಡಿದ ಮೊದಲ ರಾತ್ರಿ ಇವತ್ತಿಗೂ ನೆನಪಿದೆ. 31 ಜಿಲ್ಲೆಗಳ ಗಡಿಯ ಅಂಕಿಗಳು ಫೈಲಿನಲ್ಲಿದ್ದವು. ಒಂದು ಲೂಪ್. ಪ್ರತಿ ಜಿಲ್ಲೆಗೆ ಒಂದು ‘ಪಾತ್’ ಎಲಿಮೆಂಟ್ (ಗೆರೆಯ ಆಕಾರ ಹಿಡಿದಿಡುವ, ಪುಟದ ಒಂದು ತುಂಡು) ಮಾಡು, ಗಡಿ ತುಂಬು, ಬಣ್ಣ ಹಾಕು, ನಕ್ಷೆಗೆ ಸೇರಿಸು. ಪುಟ ತೆರೆದರೆ ಬಿಳಿ. ಪುಟದ ಒಳಗೆ ಏನಿದೆ ಅಂತ ತೋರಿಸುವ ಬ್ರೌಸರಿನ ಇನ್‌ಸ್ಪೆಕ್ಟರ್ ತೆಗೆದರೆ 31 ಪಾತ್‌ಗಳೂ ಸಾಲಾಗಿ ಕೂತಿವೆ. ಗಡಿ ಸರಿ ಇದೆ, ಬಣ್ಣ ಸರಿ ಇದೆ, ಕನ್ಸೋಲ್‌ನಲ್ಲಿ ಒಂದೂ ಎರರ್ ಇಲ್ಲ. ಆದರೆ ಪುಟದ ಮೇಲೆ ಏನೂ ಇಲ್ಲ. ಇನ್‌ಸ್ಪೆಕ್ಟರಿನಲ್ಲಿ ಕಂಡ ಅದೇ ಟ್ಯಾಗುಗಳನ್ನು ಕಾಪಿ ಮಾಡಿ ಒಂದು ಖಾಲಿ ಎಚ್‌ಟಿಎಂಎಲ್ ಫೈಲಿಗೆ ಅಂಟಿಸಿದರೆ ನಕ್ಷೆ ಚೆನ್ನಾಗಿ ಕಾಣುತ್ತೆ! ರಾತ್ರಿ ಒಂದು ಗಂಟೆವರೆಗೆ ಹುಡುಕಿದೆ.

ಕಾರಣ ಇದು. ನಾನು ಮಾಮೂಲಿ ‘ಕ್ರಿಯೇಟ್‌ಎಲಿಮೆಂಟ್’ ಬಳಸಿದ್ದೆ. ಅದು ಎಚ್‌ಟಿಎಂಎಲ್ ಎಲಿಮೆಂಟ್ ಹುಟ್ಟಿಸುತ್ತೆ. ಎಚ್‌ಟಿಎಂಎಲ್‌ಗೆ ‘ಪಾತ್’ ಅಂದರೆ ಗುರುತಿಲ್ಲದ ಯಾರೋ. ಬಾಗಿಲಲ್ಲಿ ಕೂರಲು ಬಿಡುತ್ತೆ, ಕೆಲಸ ಕೊಡುವುದಿಲ್ಲ. ‘ಕ್ರಿಯೇಟ್‌ಎಲಿಮೆಂಟ್‌ಎನ್‌ಎಸ್’ ಬಳಸಿ, ಜೊತೆಗೆ ಎಸ್‌ವಿಜಿಯ ನೇಮ್‌ಸ್ಪೇಸ್ ವಿಳಾಸ ಕೊಡಬೇಕು. ಆ ವಿಳಾಸ ವೆಬ್‌ಸೈಟಿನ ಹಾಗೆ ಕಂಡರೂ ಬ್ರೌಸರ್ ಅಲ್ಲಿಗೆ ಹೋಗಿ ಏನನ್ನೂ ತರುವುದಿಲ್ಲ. ಇದು ಯಾವ ಮನೆತನದ ಎಲಿಮೆಂಟ್ ಅಂತ ಹೇಳುವ ಹೆಸರು ಅಷ್ಟೇ. ಖಾಲಿ ಫೈಲಿಗೆ ಅಂಟಿಸಿದಾಗ ಫೈಲ್ ಓದಿ ಅರ್ಥ ಮಾಡಿಕೊಳ್ಳುವ ಬ್ರೌಸರಿನ ಪಾರ್ಸರ್ ಎಸ್‌ವಿಜಿ ಟ್ಯಾಗ್ ನೋಡಿ ಆ ಮನೆತನವನ್ನು ತಾನೇ ಹಚ್ಚಿಕೊಂಡಿತ್ತು, ಅದಕ್ಕೇ ಅಲ್ಲಿ ಕಂಡಿತು. ಚಿತ್ರದ ಯಾವ ಭಾಗ ಕಾಣಬೇಕು ಅಂತ ಹೇಳುವ ‘ವ್ಯೂಬಾಕ್ಸ್’ನಲ್ಲೂ ಇದೇ ಕಥೆ. ಅದರ ನಡುವಿನ ಬಿ ದೊಡ್ಡಕ್ಷರವೇ ಆಗಬೇಕು. ಫೈಲಿನಲ್ಲಿ ಚಿಕ್ಕದಾಗಿ ಬರೆದರೆ ಪಾರ್ಸರ್ ತಿದ್ದಿಕೊಳ್ಳುತ್ತೆ, ಜಾವಾಸ್ಕ್ರಿಪ್ಟ್‌ನಿಂದ ಹಾಕಿದರೆ ತಿದ್ದುವವರು ಯಾರೂ ಇಲ್ಲ. ಹೊಸಬರು ಸೇರಿದಾಗ ನಾನು ಮೊದಲು ತೋರಿಸುವುದೇ ಈ ಎರಡು.

ಗಡಿ ಬಂತು, ಬಣ್ಣ ಬಂತು. ಬೆಳಿಗ್ಗೆ ಮಳೆಯ ಅಂಕಿ ಬಂದಾಗ ಆಯಾ ಜಿಲ್ಲೆಯ ‘ಫಿಲ್’, ಅಂದರೆ ಒಳಗಿನ ಬಣ್ಣ, ಮಾತ್ರ ಬದಲಿಸಿದರೆ ಸಾಕು. ಇಡೀ ನಕ್ಷೆ ಅಳಿಸಿ ಮತ್ತೆ ಬರೆಯುವವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಕೀಬೋರ್ಡಿನಲ್ಲಿ ಒಂದು ಜಿಲ್ಲೆಯ ಮೇಲೆ ನಿಂತವರು ಇದ್ದಕ್ಕಿದ್ದಂತೆ ಪುಟದ ತುದಿಗೆ ಹೋಗಿ ಬೀಳುತ್ತಾರೆ.

ನಿಜವಾದ ಕಷ್ಟ ಶುರುವಾಗಿದ್ದು ಹೆಸರುಗಳಲ್ಲಿ. ಜಿಲ್ಲೆಯ ಅಗಲ, ಎತ್ತರ ಅಳೆದು ಸರಿಯಾಗಿ ನಡುವೆ ಹೆಸರು ಇಡೋಣ ಅಂದುಕೊಂಡೆ. ಬೆಂಗಳೂರು ಗ್ರಾಮಾಂತರದಲ್ಲಿ ಅದು ನಡೆಯಲಿಲ್ಲ. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಸೇರಿ ಆ ಜಿಲ್ಲೆ ಬೆಂಗಳೂರು ನಗರವನ್ನು ಮೂರು ಕಡೆಯಿಂದ ಬಳಸಿಕೊಂಡಿದೆ. ನಡುವೆ ಇಟ್ಟ ಹೆಸರು ನಗರದ ಗಡಿ ಮೇಲೆ ಹೋಗಿ ಕೂತಿತು. ಕೊನೆಗೆ ಆಕಾರದ ಒಳಗೆ ಗಡಿಯಿಂದ ಅತಿ ದೂರ ಇರುವ ಬಿಂದು ಹುಡುಕಿ ಅಲ್ಲಿಟ್ಟೆ. ಅಳತೆಯಲ್ಲೂ ಒಂದು ಮೋಸ ಇದೆ. ಅಕ್ಷರ ಎಷ್ಟು ಜಾಗ ಹಿಡಿಯುತ್ತೆ ಅಂತ ‘ಗೆಟ್‌ಬಿಬಾಕ್ಸ್’ ಹೇಳುತ್ತೆ. ಆದರೆ ಕನ್ನಡ ಫಾಂಟ್ ಇನ್ನೂ ಡೌನ್‌ಲೋಡ್ ಆಗುತ್ತಿದ್ದರೆ ಅದು ಬೇರೆ ಫಾಂಟಿನ ಅಳತೆ ಕೊಡುತ್ತೆ. ಒಂದು ಕ್ಷಣ ಬಿಟ್ಟು ನೋಡಿದರೆ ಚಿಕ್ಕಬಳ್ಳಾಪುರ ಪಕ್ಕದ ಜಿಲ್ಲೆಗೆ ಹರಿದಿರುತ್ತೆ. ಫಾಂಟ್ ಬಂದಾಯಿತು ಅಂತ ಬ್ರೌಸರ್ ಹೇಳುವವರೆಗೂ ಕಾಯಬೇಕು, ಆಮೇಲೆ ಅಳೆಯಬೇಕು.

ಇಂಗ್ಲಿಷ್ ಮಾತ್ರ ಮನಸ್ಸಿನಲ್ಲಿಟ್ಟು ಬರೆದ ಕೋಡು ಕನ್ನಡಕ್ಕೆ ಹೇಗೆ ಏಟು ಕೊಡುತ್ತೆ ಅಂತ ಅಲ್ಲೇ ಕಣ್ಣಾರೆ ನೋಡಿದೆ. ಹೆಸರು ಒಂದೊಂದೇ ಅಕ್ಷರವಾಗಿ ಮೂಡಿ ಬರುವ ಅನಿಮೇಶನ್ ಒಂದನ್ನು ಯಾರೋ ತಂದು ಹಾಕಿದ್ದರು. ಅದು ಪದವನ್ನು ಒಂದೊಂದೇ ಅಕ್ಷರಸಂಕೇತವಾಗಿ ಕತ್ತರಿಸಿ ಬೇರೆ ಬೇರೆ ಎಲಿಮೆಂಟಿಗೆ ಹಾಕುತ್ತಿತ್ತು. ಚಿಕ್ಕಬಳ್ಳಾಪುರದ ‘ಚಿ’ಯಿಂದ ಗುಡಿಸು ಬೇರೆಯಾಯಿತು. ‘ಕ್ಕ’ದ ಒತ್ತು ಕಳಚಿ ಪಕ್ಕಕ್ಕೆ ಇನ್ನೊಂದು ‘ಕ’ ಆಗಿ ನಿಂತಿತು. ಬಿಡಿ ಗುಣಿತಗಳ ಪಕ್ಕ ಚುಕ್ಕಿ ಚುಕ್ಕಿಯ ಖಾಲಿ ವೃತ್ತಗಳು. ಮೊದಲ ತರಗತಿ ಮಗುವೂ ತಪ್ಪು ಅನ್ನುವಂಥದ್ದು ಅದು. ಕನ್ನಡದ ಅಕ್ಷರಗಳು ಒಂದಕ್ಕೊಂದು ಕೈ ಹಿಡಿದುಕೊಂಡು ರೂಪ ಪಡೆಯುತ್ತವೆ. ಪದವನ್ನು ಇಡಿಯಾಗಿ ಒಂದೇ ‘ಟೆಕ್ಸ್ಟ್’ ಎಲಿಮೆಂಟಿನಲ್ಲಿ ಇಡಿ, ಜೋಡಿಸುವ ಕೆಲಸ ಬ್ರೌಸರ್ ಮಾಡುತ್ತೆ. ಈಗಿನ ಬ್ರೌಸರುಗಳು ಅದನ್ನು ಚೆನ್ನಾಗಿಯೇ ಮಾಡುತ್ತವೆ.

ಡಿಟಿಪಿ ಗೆಳೆಯರೇ, ಇಲ್ಲಿ ನಿಮ್ಮ ಹತ್ತಿರ ಒಂದು ಮಾತು. ‘ಕರ್ವ್ಸ್‌ಗೆ ಕನ್ವರ್ಟ್ ಮಾಡಿ ಕಳಿಸ್ತೀನಿ’ ಅಂತ ನೀವು ಹೇಳುವುದು ಯಾಕೆ ಅಂತ ನನಗೆ ಗೊತ್ತು. ಹಳೆಯ ಆಸ್ಕಿ ಫಾಂಟುಗಳಲ್ಲಿ ಕನ್ನಡದ ತುಂಡುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆಗೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ. ಪ್ರೆಸ್ಸಿಗೆ ಹೋದ ಮದುವೆ ಕಾರ್ಡು ಹಾಳಾಗಬಾರದು ಅಂದರೆ ಅಕ್ಷರವನ್ನು ಗೆರೆ ಮಾಡಿ ಕಳಿಸುವುದೇ ದಾರಿ. ಮುದ್ರಣಕ್ಕೆ ಈಗಲೂ ಅದು ಸರಿಯೇ. ಆದರೆ ವೆಬ್‌ಗೆ ಹಾಗೆ ಕೊಟ್ಟರೆ ಕಲಬುರಗಿ ಅನ್ನುವ ಪದವೇ ಅಲ್ಲಿ ಇರುವುದಿಲ್ಲ. ಕಲಬುರಗಿಯ ಆಕಾರದ ಗೆರೆಗಳು ಮಾತ್ರ ಇರುತ್ತವೆ. ಹುಡುಕಿದರೆ ಸಿಗುವುದಿಲ್ಲ, ಕಾಪಿ ಆಗುವುದಿಲ್ಲ. ಗುಲ್ಬರ್ಗ, ಬಿಜಾಪುರ ಅಂತ ಗೆರೆ ಮಾಡಿಟ್ಟ ನಕ್ಷೆಗಳು 2014ರ ನವೆಂಬರ್ 1ರಂದು ಕಲಬುರಗಿ, ವಿಜಯಪುರ ಬಂದಾಗ ಮತ್ತೆ ಡಿಸೈನರ್ ಮನೆ ಬಾಗಿಲಿಗೇ ಹೋಗಬೇಕಾಯಿತು. ವೆಬ್‌ಗೆ ಬೇಕು ಅಂದಾಗ ಕನ್ನಡ ಅಕ್ಷರಗಳಿಗೆ ತಮ್ಮದೇ ಜಾಗ ಇರುವ ಯೂನಿಕೋಡಿನಲ್ಲಿ ಟೈಪ್ ಮಾಡಿ, ಅಕ್ಷರವನ್ನು ಅಕ್ಷರವಾಗಿಯೇ ಬಿಟ್ಟು ಕೊಡಿ.

ಹುಡುಕಾಟ, ಕಾಪಿ ಎಲ್ಲ ಆಮೇಲಿನ ಮಾತು. ಇದನ್ನು ನನಗೆ ಮನಸ್ಸಿಗೆ ನಾಟುವ ಹಾಗೆ ತಿಳಿಸಿದವರು ಒಬ್ಬ ಮೇಷ್ಟ್ರು. ಕಣ್ಣು ಕಾಣುವುದಿಲ್ಲ, ಪರದೆಯ ಮೇಲಿರುವುದನ್ನು ಓದಿ ಹೇಳುವ ಫೋನಿನ ಟಾಕ್‌ಬ್ಯಾಕ್ ಕೇಳಿಕೊಂಡು ಎಲ್ಲ ಓದುತ್ತಾರೆ. ಹೊಸ ನಕ್ಷೆ ಹಾಕಿದ ವಾರ ಫೋನ್ ಮಾಡಿದರು.

‘ಮೇಡಂ, ನಿಮ್ಮ ಪುಟದಲ್ಲಿ ಬೆರಳಿಟ್ಟರೆ ಕರ್ನಾಟಕ ನಕ್ಷೆ ಅಂತ ಒಂದೇ ಮಾತು ಹೇಳುತ್ತೆ. ಒಳಗೆ ಏನಿದೆ?’

‘ಎಲ್ಲ ಜಿಲ್ಲೆ ಇದೆ ಸರ್, ಮಳೆ ಲೆಕ್ಕ ಇದೆ.’

‘ನಿಮಗಿದೆ ಮೇಡಂ. ನನಗೆ ಬಾಗಿಲು ಮಾತ್ರ ಇದೆ.’

ತಪ್ಪು ನನ್ನದೇ. ಎಲ್ಲೋ ಓದಿ, ಒಳ್ಳೆಯದೇ ಅಂದುಕೊಂಡು, ಇಡೀ ಎಸ್‌ವಿಜಿಗೆ ‘ರೋಲ್ ಇಮೇಜ್’ ಅಂತ ಬರೆದಿದ್ದೆ. ಹಾಗೆ ಬರೆದರೆ ಅದು ಒಂದೇ ಚಿತ್ರ, ಒಳಗಿನದನ್ನು ಓದಬೇಡ ಅಂತ ಅರ್ಥ. ಎಸ್‌ವಿಜಿಯಲ್ಲಿ ಬರೆದೂ ನಾನು ಫೋಟೋ ಅಂಟಿಸಿದ ಹಾಗೇ ಆಗಿತ್ತು. ಆವತ್ತೇ ತೆಗೆದೆ. ಪ್ರತಿ ಜಿಲ್ಲೆಯನ್ನೂ ಬೇರೆ ಗುಂಪು ಮಾಡಿ, ಟ್ಯಾಬ್ ಒತ್ತಿದರೆ ಅಲ್ಲಿಗೆ ಹೋಗುವ ಹಾಗೆ ಮಾಡಿದೆ. ಗುಂಪಿಗೊಂದು ಹೆಸರು: ‘ಹಾಸನ, ಇಂದಿನ ಮಳೆ ಇಷ್ಟು ಮಿಲಿಮೀಟರ್’. ಮಳೆಯ ಅಂಕಿ ಬದಲಾದಾಗ ಬಣ್ಣದ ಜೊತೆ ಈ ಹೆಸರೂ ಬದಲಾಗಬೇಕು. ಬಣ್ಣ ಬದಲಿಸುವ ಸಾಲಿನ ಪಕ್ಕದಲ್ಲೇ ಇದನ್ನೂ ಬರೆದಿಟ್ಟೆ, ಇಲ್ಲದಿದ್ದರೆ ಮರೆತೇ ಹೋಗುತ್ತೆ.

ಇನ್ನೊಂದು ವಿಷಯ, ಇದು ಎಚ್ಚರಿಕೆಯ ಮಾತು. ಬಳಕೆದಾರರು ಅಪ್‌ಲೋಡ್ ಮಾಡಿದ ಎಸ್‌ವಿಜಿಯನ್ನು ಹಾಗೇ ತೆಗೆದು ‘ಇನ್ನರ್‌ಎಚ್‌ಟಿಎಂಎಲ್’ಗೆ, ಅಂದರೆ ನೇರ ಪುಟದೊಳಗೆ, ಸುರಿಯಬೇಡಿ. ಅದು ನೋಡಲು ಚಿತ್ರ, ಆದರೆ ಒಳಗೆ ಕೋಡ್ ಇರಬಹುದು. ಇನ್ನರ್‌ಎಚ್‌ಟಿಎಂಎಲ್ ಮೂಲಕ ಬಂದ ಸ್ಕ್ರಿಪ್ಟ್ ಟ್ಯಾಗ್ ಓಡುವುದಿಲ್ಲ ಅಂತ ಧೈರ್ಯ ಬೇಡ. ‘ಆನ್‌ಲೋಡ್’, ‘ಆನ್‌ಎರರ್’ ತರಹದವು ಓಡುತ್ತವೆ. ಅಪಾಯದ ಕೋಡ್ ತೆಗೆದುಹಾಕುವ ಡಾಮ್‌ಪ್ಯೂರಿಫೈ ಅಂಥ ಲೈಬ್ರರಿಯಲ್ಲಿ ಸೋಸಿ ಹಾಕಿ. ಸುಮ್ನೆ ತೋರಿಸಿದರೆ ಸಾಕು ಅನ್ನುವ ಕಡೆ ಇಮೇಜ್ ಟ್ಯಾಗಿನಲ್ಲಿ ಇಡಿ, ಅಲ್ಲಿ ಸ್ಕ್ರಿಪ್ಟ್ ಓಡುವುದಿಲ್ಲ. ಆದರೆ ಇಮೇಜ್ ಟ್ಯಾಗಿನಲ್ಲಿಟ್ಟ ಎಸ್‌ವಿಜಿ ಹೊರಗಿನ ಫಾಂಟನ್ನೂ ತರಿಸಿಕೊಳ್ಳುವುದಿಲ್ಲ. ನೀವು ಆರಿಸಿದ ಚಂದದ ಕನ್ನಡ ಫಾಂಟ್ ಹೋಗಿ, ಆ ಫೋನಿನಲ್ಲಿ ಯಾವುದಿದೆಯೋ ಅದು ಬರುತ್ತೆ. ನಕ್ಷೆಯನ್ನು ಪಿಎನ್‌ಜಿಯಾಗಿ ಡೌನ್‌ಲೋಡ್ ಮಾಡಿಸುವ ಬಟನ್ ಕೊಟ್ಟಾಗಲೂ ನನಗೆ ಇದೇ ಎದುರಾಯಿತು. ಫಾಂಟನ್ನು ಎಸ್‌ವಿಜಿಯ ಒಳಗೇ ತುಂಬಿ ಕೊಟ್ಟ ಮೇಲೆ ಸರಿಹೋಯಿತು.

ಎಲ್ಲದಕ್ಕೂ ಎಸ್‌ವಿಜಿಯೇ ಆಗಬೇಕು ಅಂತ ನನ್ನ ಹಟ ಇಲ್ಲ. ಪ್ರತಿ ಗೆರೆಯೂ ಬ್ರೌಸರಿಗೆ ಒಂದು ಎಲಿಮೆಂಟ್, ಒಂದೊಂದನ್ನೂ ಅದು ನೆನಪಿಟ್ಟುಕೊಳ್ಳಬೇಕು. 31 ಜಿಲ್ಲೆ, ಇನ್ನೂರು ಚಿಲ್ಲರೆ ತಾಲ್ಲೂಕು ಅಂದರೆ ಏನೂ ಭಾರ ಅಲ್ಲ. ಲಕ್ಷ ಹೊಲಗಳ ಚುಕ್ಕಿ ಹಾಕಬೇಕು ಅಂದರೆ ಸಾಧಾರಣ ಫೋನ್ ಉಸಿರುಗಟ್ಟುತ್ತೆ. ಅಲ್ಲಿ ಕ್ಯಾನ್ವಾಸ್ ಬಳಸಿ, ಅದು ಎಲ್ಲವನ್ನೂ ಬಣ್ಣದ ಚುಕ್ಕಿಗಳಾಗಿ ಬಳಿಯುತ್ತೆ, ಒಂದೊಂದನ್ನೂ ನೆನಪಿಟ್ಟುಕೊಳ್ಳುವುದಿಲ್ಲ. ಚುಕ್ಕಿಗಳು ಕ್ಯಾನ್ವಾಸಿನಲ್ಲಿ, ಗಡಿ ಮತ್ತು ಹೆಸರು ಅದರ ಮೇಲಿನ ಎಸ್‌ವಿಜಿಯಲ್ಲಿ ಇಟ್ಟರೆ ಎರಡೂ ಹೊಂದಿಕೊಂಡು ಹೋಗುತ್ತವೆ.

ಈಗ ತಾಲ್ಲೂಕು ನಕ್ಷೆ ಮಾಡುತ್ತಿದ್ದೇನೆ. ಒಂದೊಂದು ತಾಲ್ಲೂಕಿನ ಗಡಿಯನ್ನೂ ಬೇರೆ ಬೇರೆ ಸರಳ ಮಾಡಿದ್ದಕ್ಕೆ ಅಕ್ಕಪಕ್ಕದ ಗಡಿಗಳ ನಡುವೆ ಕೂದಲೆಳೆಯಷ್ಟು ಬಿಳಿ ಬಿರುಕು ಬಂದಿತ್ತು. ಒಂದೇ ಗಡಿಯನ್ನು ಇಬ್ಬರೂ ಹಂಚಿಕೊಳ್ಳುವ ಟೋಪೋಜೆಸಾನ್‌ಗೆ ಬದಲಿಸಿದ ಮೇಲೆ ಹೋಯಿತು. ಬೆಂಗಳೂರು ಸುತ್ತಲಿನ ಸಣ್ಣ ತಾಲ್ಲೂಕುಗಳಲ್ಲಿ ಹೆಸರು ಹಿಡಿಸುತ್ತಿಲ್ಲ, ಅದು ಬಾಕಿ ಇದೆ. ನಿನ್ನೆ ಅರ್ಧಂಬರ್ಧ ಕೊಂಡಿಯನ್ನೇ ಮೇಷ್ಟ್ರಿಗೆ ಕಳಿಸಿದ್ದೆ. ರಾತ್ರಿ ವಾಯ್ಸ್ ಮೆಸೇಜ್ ಬಂತು. ಅವರು ಮಾತಾಡಿಲ್ಲ, ಫೋನಿನ ದನಿಯನ್ನೇ ರೆಕಾರ್ಡ್ ಮಾಡಿದ್ದಾರೆ. ಅರಸೀಕೆರೆ, ಅರಕಲಗೂಡು, ಬೇಲೂರು ಅಂತ ಒಂದೊಂದಾಗಿ ಓದುತ್ತಾ ಹೋಗಿದೆ. ಸಕಲೇಶಪುರದ ಹತ್ತಿರ ಬಂದಾಗ ಹಿಂದಿನಿಂದ ಮೇಷ್ಟ್ರ ದನಿ ಕೇಳುತ್ತೆ, ‘ಹಾಂ, ನಮ್ಮೂರು.’