ಕ್ವಾಂಡರಿ ಅಂದ್ರೆ ಗೊಂದಲ ಅಲ್ಲ ಕಣ್ರೀ

ಸ್ಪರ್ಧಾತ್ಮಕ ಪರೀಕ್ಷೆಗೆ ಓದೋರ ನೋಟ್ಸಲ್ಲಿ ಇಂಗ್ಲಿಷಿನ quandary ಪದಕ್ಕೆ ‘ಕ್ವಾಂಡರಿ = ಗೊಂದಲ’ ಅಂತ ಒಂದೇ ಸಾಲಲ್ಲಿ ಮುಗಿಸಿರ್ತಾರೆ. ಎಡವಟ್ಟು ಅಲ್ಲೇ ಶುರು. ಗೊಂದಲ ಅಂದ್ರೆ ವಿಷಯವೇ ತಿಳಿಯಾಗದೆ ಇರೋದು. ಕ್ವಾಂಡರಿಗೆ ಸಿಕ್ಕಿಕೊಂಡೋರಿಗೆ ವಿಷಯ ಚೆನ್ನಾಗೇ ಗೊತ್ತಿರುತ್ತೆ, ಏನು ಮಾಡೋದು ಅನ್ನೋದು ಮಾತ್ರ ಬಗೆಹರಿಯಲ್ಲ.

ಇದರ ಅಣ್ಣ ಡೈಲೆಮಾನ (dilemma) ಮೊದಲು ನೋಡಿ. ಮಂಡ್ಯದ ಗದ್ದೇಲಿ ಕಬ್ಬು ಬಲಿತು ನಿಂತಿದೆ, ಫ್ಯಾಕ್ಟರಿಯಿಂದ ಕಟಾವಿಗೆ ಪರ್ಮಿಟ್ ಬಂದಿಲ್ಲ. ಕಾದರೆ ಸೂಲಂಗಿ (ಕಬ್ಬಿನ ಹೂ) ಬಂದು ತೂಕವೂ ಸಿಹಿಯೂ ಇಳಿಯುತ್ತೆ. ಆಲೆಮನೆಗೆ ಹೊಡೆದರೆ ಬೇಗ ಕಾಸು ಕಾಣಬಹುದು, ಆದರೆ ಬೆಲ್ಲದ ರೇಟು ಬಿದ್ದಿದ್ರೆ ಟನ್ನಿನ ಲೆಕ್ಕದಲ್ಲಿ ಏಟು. ಇರೋದು ಎರಡೇ ದಾರಿ, ಎರಡರಲ್ಲೂ ಲುಕ್ಸಾನು. ಡೈಲೆಮಾ ಗ್ರೀಕಿಂದ ಬಂದ ಪದ: ಅಲ್ಲಿ ‘ಡಿ’ ಅಂದ್ರೆ ಎರಡು, ‘ಲೆಮ್ಮ’ ಅಂದ್ರೆ ವಾದಕ್ಕೆ ಆಧಾರವಾಗಿ ಹಿಡಿದ ಮಾತು. ಎದುರಾಳಿ ಎರಡರಲ್ಲಿ ಯಾವುದನ್ನ ಒಪ್ಪಿದರೂ ಸೋಲೋ ಪಟ್ಟು ಅದು. ಇಂಗ್ಲಿಷಿನೋರು ಅದಕ್ಕೆ ಎರಡು ಕೊಂಬು ಇಟ್ಟರು, ನಾವು ‘ಅತ್ತ ದರಿ ಇತ್ತ ಪುಲಿ’ ಅಂದ್ವಿ. ಇಬ್ಬಂದಿ ಅನ್ನೋ ಪದ ಅದಕ್ಕೆ ಅಚ್ಚುಕಟ್ಟಾಗಿ ಕೂರುತ್ತೆ.

ಇನ್ನು ಜುಲೈ ಬಂತು ಅನ್ನಿ. 124.80 ಅಡಿ ತುಂಬಬೇಕಾದ ಕೆಆರ್‌ಎಸ್ ಇನ್ನೂ ತಳದಲ್ಲೇ ಇದೆ. ಭತ್ತಕ್ಕೆ ಒಟ್ಲು (ಸಸಿಮಡಿ) ಬಿಡೋದಾ, ರಾಗಿ ಚೆಲ್ಲೋದಾ, ಹುರುಳಿ ಸಾಕಾ, ಬೀಳು ಬಿಡೋದಾ? ನಾಲೆ ಏರಿ ಮೇಲೆ ನಿಂತು ನೀರಿಲ್ಲದ ತೂಬು ನೋಡ್ತಿರೋ ರೈತನ ಮನಸ್ಸಿನ ಸ್ಥಿತಿ ಇದೆಯಲ್ಲ, ಅದು ಕ್ವಾಂಡರಿ. ಇಕ್ಕಟ್ಟು ಹೊರಗಿದ್ದರೆ ಡೈಲೆಮಾ, ತಲೆಯೊಳಗೆ ತೊಯ್ದಾಟವಾದರೆ ಕ್ವಾಂಡರಿ. ಈ ಗೆರೆ ಅಷ್ಟು ಬಿಗಿ ಅಲ್ಲ, ಆದರೆ ಬರೆಯುವಾಗ ಕೆಲಸಕ್ಕೆ ಬರುತ್ತೆ.

ವಾಕ್ಯದಲ್ಲಿ ಹೆಚ್ಚಿನವರು ಜಾರೋದು ‘ಐ ಆಮ್ ಕ್ವಾಂಡರಿ’ ಅಂತ. ‘ಗೊಂದಲ’ ಅಂತ ಬಾಯಿಪಾಠ ಮಾಡಿದ್ದರ ಫಲ ಇದು: ‘ಐ ಆಮ್ ಕನ್ಫ್ಯೂಸ್ಡ್’ ಇದ್ದ ಜಾಗಕ್ಕೆ ಇದನ್ನ ತುರುಕ್ತಾರೆ. ಇದು ನಾಮಪದ. ‘ತೊಯ್ದಾಟದಲ್ಲಿದ್ದೀನಿ’ ಅನ್ನೋವಾಗ ನಮ್ಮಲ್ಲಿ ಬರೋ ‘ಅಲ್ಲಿ’ಯೇ ಇಂಗ್ಲಿಷಿನಲ್ಲಿ ‘ಇನ್’. ಹಾಗಾಗಿ ‘ಐ ಆಮ್ ಇನ್ ಎ ಕ್ವಾಂಡರಿ’. ಯಾವುದರ ಬಗ್ಗೆ ಅಂತ ಹೇಳೋಕೆ ‘ಓವರ್’ ಅಥವಾ ‘ಅಬೌಟ್’. ‘ಫೇಸ್’ ಅನ್ನೋ ಕ್ರಿಯಾಪದ ಡೈಲೆಮಾ ಜೊತೆಗೇ ಹೆಚ್ಚು ಬರೋದು.

ಕ್ವಾಂಡರಿಯ ಸ್ಪೆಲ್ಲಿಂಗಲ್ಲಿ ‘ಡಿ’ ಆದ ಮೇಲಿನ ‘ಎ’ ನುಂಗಿಹಾಕ್ತಾರೆ, ಉಚ್ಚಾರದಲ್ಲಿ ಅದು ಸರಿಯಾಗಿ ಕೇಳಿಸದೆ ಇರೋದೇ ಕಾರಣ. ಒತ್ತು ‘ಕ್ವಾನ್’ ಮೇಲೆ. ಡೈಲೆಮಾದಲ್ಲಿ ಎರಡು ‘ಎಮ್’, ‘ಎನ್’ ಇಲ್ಲವೇ ಇಲ್ಲ.

ಮತ್ತೆ, ಮೈಸೂರಿನ ನಾಲಿಗೆ ಮೇಲೆ ಸದಾ ಇರೋ ‘ಡಬಲ್ ಮೈಂಡ್’ ನಮ್ಮದೇ ತಯಾರಿಕೆ. ಇಂಗ್ಲಿಷಿನೋರು ಹೇಳೋದು ‘ಇನ್ ಟೂ ಮೈಂಡ್ಸ್’. ಸಣ್ಣಪುಟ್ಟದಕ್ಕೆಲ್ಲ ಅದೇ ಸಾಕು. ಸೆಟ್ ದೋಸೆಯೋ ಮಸಾಲೆ ದೋಸೆಯೋ ಅನ್ನೋದಕ್ಕೆ ಕ್ವಾಂಡರಿ ಅಂದ್ರೆ ಕೇಳಿದೋರು ತಮಾಷೆ ಅಂತಲೇ ತಗೊಳ್ಳೋದು.